ಕವಿತೆಯ ಕೆಳಗಿನ ಪೆಟ್ಟಿಗೆ: ಆನ್‌ಲೈನ್ ಸಾಹಿತ್ಯ ಪತ್ರಿಕೆಗಳ ಪ್ರತಿಕ್ರಿಯೆ ಸೌಲಭ್ಯ, ದೀರ್ಘ ಬಳಕೆಯ ನಂತರ

ಕೆಂಡಸಂಪಿಗೆ, ಅವಧಿ, ಪಂಜು, ಋತುಮಾನದಂಥ ಆನ್‌ಲೈನ್ ಪತ್ರಿಕೆಗಳಲ್ಲಿ ಕಥೆಯನ್ನೋ ಕವಿತೆಯನ್ನೋ ಓದಿ ಮುಗಿಸಿದವರಿಗೆ ಏನಾದರೂ ಹೇಳಬೇಕೆನಿಸಿದರೆ ಈಗ ಜಾಗಕ್ಕೇನೂ ಬರವಿಲ್ಲ. ಬರಹದ ಕೆಳಗೆ ಪ್ರತಿಕ್ರಿಯೆ ಪೆಟ್ಟಿಗೆ, ಸಂಪಾದಕರ ಇಮೇಲ್, ಫೇಸ್‌ಬುಕ್ ಪುಟ, ಲಿಂಕ್ ಓಡಾಡುವ ವಾಟ್ಸಾಪ್ ಗುಂಪು. ಪ್ರತಿಲಿಪಿಯಂಥ ಆ್ಯಪ್‌ಗಳಾದರೆ ಐದು ಸ್ಟಾರ್‌ಗಳ ರೇಟಿಂಗ್ ಬೇರೆ. ಇವುಗಳಲ್ಲಿ ಜನ ಕಡಿಮೆ ಮುಟ್ಟುವುದು ಮೊದಲನೆಯದನ್ನು. ಹೆಚ್ಚು ಕಿರಿಕಿರಿ ಮಾಡುವುದೂ ಅದೇ, ಕೊಟ್ಟ ಸಮಯಕ್ಕೆ ಹೆಚ್ಚು ಬೆಲೆ ತರುವುದೂ ಅದೇ. ಈ ವಿಮರ್ಶೆ ಆ ಪೆಟ್ಟಿಗೆಯದ್ದು. ಯಾವುದೇ ಒಂದು ಪತ್ರಿಕೆಯನ್ನು ಗುರಿ ಮಾಡಿದ್ದಲ್ಲ. ಸಣ್ಣ ಪತ್ರಿಕೆಗಳು ಸಾಮಾನ್ಯವಾಗಿ ವರ್ಡ್‌ಪ್ರೆಸ್ ಎಂಬ ಜಾಲತಾಣ ನಡೆಸುವ ತಂತ್ರಾಂಶದ ಮೇಲೆ ನಡೆಯುವುದರಿಂದ ಪೆಟ್ಟಿಗೆಯ ಗುಣಾವಗುಣಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಥರ.

ಇದರ ದೊಡ್ಡ ಗುಣವೆಂದರೆ, ಹೇಳಿದ ಮಾತು ಬರಹದ ಬುಡದಲ್ಲೇ ಉಳಿಯುತ್ತದೆ. ಮುದ್ರಿತ ಮಾಸಪತ್ರಿಕೆಯಲ್ಲಿ ಒಂದು ಕಥೆಯ ಬಗ್ಗೆ ಬಂದ ಓದುಗರ ಪತ್ರ ಮುಂದಿನ ಸಂಚಿಕೆಯಲ್ಲಿರುತ್ತದೆ. ಕಥೆ ಒಂದು ಕಟ್ಟಿನಲ್ಲಿ, ಪತ್ರ ಇನ್ನೊಂದರಲ್ಲಿ. ವಾಟ್ಸಾಪ್ ಗುಂಪಿನ ಮಾತು ಅಂದೇ ರಾತ್ರಿಯ ಗುಡ್‌ನೈಟ್ ಚಿತ್ರಗಳಡಿ ಹೂತುಹೋಗುತ್ತದೆ. ಪೆಟ್ಟಿಗೆಯಲ್ಲಿ ಬರೆದದ್ದು ಹಾಗಲ್ಲ: ಮೂರು ವರ್ಷದ ನಂತರ ಗೂಗಲ್ ಹಿಡಿದು ಬಂದ ಅಪರಿಚಿತ ಓದುಗ ಕವಿತೆ ಮುಗಿಸಿ ಬೆರಳು ಜಾರಿಸಿದರೆ ಸಿಗುವುದು ಅದೇ.

ಹಾಗಾಗಿ ಅಲ್ಲಿ ಏನು ಬರೆಯುತ್ತೇವೆ ಅನ್ನುವುದು ಮುಖ್ಯ. ‘ಚೆಂದದ ಕವಿತೆ ಮೇಡಂ’, ‘ಅಭಿನಂದನೆಗಳು ಸರ್’, ‘ಮನ ಮುಟ್ಟಿತು’, ಕೈಮುಗಿದ ಎಮೋಜಿ ಎರಡು: ಇವುಗಳಲ್ಲಿ ತಪ್ಪೇನಿಲ್ಲ, ಬರೆದವರಿಗೆ ಅವತ್ತಿನ ಮಟ್ಟಿಗೆ ಖುಷಿಯೂ ಆಗುತ್ತದೆ. ಆದರೆ ಹತ್ತು ಬೇರೆ ಕವಿತೆಗಳ ಕೆಳಗೆ ಅಂಟಿಸಿದರೂ ಹೊಂದುವ ಮಾತಿನಿಂದ ಕವಿಗೂ ಉಪಯೋಗವಿಲ್ಲ, ಮುಂದಿನ ಓದುಗನಿಗೂ ಇಲ್ಲ. ಕೆಲಸಕ್ಕೆ ಬರುವ ಪ್ರತಿಕ್ರಿಯೆ ಸಾಲನ್ನು ತೋರಿಸುತ್ತದೆ. ಗಜಲ್ ಆದರೆ ಇದು ಇನ್ನೂ ಸುಲಭ, ಯಾಕೆಂದರೆ ನಿಯಮಗಳು ಕಣ್ಣೆದುರಿಗಿವೆ: ಮತ್ಲಾದ (ಮೊದಲ ದ್ವಿಪದಿಯ) ಎರಡೂ ಸಾಲುಗಳ ಕೊನೆಗೆ ರದೀಫ್ (ಬದಲಾಗದೆ ಮರಳಿ ಬರುವ ಪದ) ಬರಬೇಕು, ಅದಕ್ಕೆ ತಾಗಿಕೊಂಡು ಮೊದಲೇ ಕಾಫಿಯಾ (ಪ್ರಾಸಪದ) ಕೂರಬೇಕು, ಮುಂದಿನ ಪ್ರತಿ ದ್ವಿಪದಿಯ ಎರಡನೇ ಸಾಲಿನಲ್ಲಿ ಇವೆರಡೂ ಮರುಕಳಿಸಬೇಕು. ‘ನಾಲ್ಕನೇ ದ್ವಿಪದಿಯಲ್ಲಿ ರದೀಫ್ ಇದೆ, ಕಾಫಿಯಾ ತಪ್ಪಿದೆ’ ಎಂದು ಒಬ್ಬರು ಬರೆದರೆ ಕವಿಗೆ ಅದು ಇಪ್ಪತ್ತು ಅಭಿನಂದನೆಗಿಂತ ಹೆಚ್ಚು. ಷಟ್ಪದಿಯ ಪ್ರಯತ್ನಗಳಿಗೂ ಇದೇ ಮಾತು. ಭಾಮಿನಿಯಲ್ಲಿ 1, 2, 4, 5ನೇ ಸಾಲುಗಳಿಗೆ 3-4-3-4ರ ಲೆಕ್ಕದಲ್ಲಿ 14 ಮಾತ್ರೆ; 3 ಮತ್ತು 6ನೇ ಸಾಲಿಗೆ ಮೂರರ, ನಾಲ್ಕರ ಗಣಗಳು ಮೂರು ಸುತ್ತು ಬಂದು ಮೇಲೊಂದು ಗುರು, ಒಟ್ಟು 23. ‘ಲಯ ಎಲ್ಲೋ ಎಡವುತ್ತದೆ’ ಅನ್ನುವ ಬದಲು ‘ಐದನೇ ಸಾಲಿನ ಎರಡನೇ ಗಣಕ್ಕೆ ಐದು ಮಾತ್ರೆ ಬಿದ್ದಿದೆ’ ಎಂದರೆ ಒಂದು ನಿಮಿಷದಲ್ಲಿ ಎಣಿಸಿ ನೋಡಬಹುದು, ಒಪ್ಪದಿದ್ದರೆ ವಾದಿಸಲೂಬಹುದು.

ನವ್ಯ, ನವ್ಯೋತ್ತರ ರೀತಿಯ ಬಿಡಿ ಸಾಲಿನ ಕವಿತೆಗೆ ಇಂಥ ಅಳತೆಗೋಲು ಇಲ್ಲ. ಅಲ್ಲಿ ಒಂದು ಪ್ರತಿಮೆಯನ್ನೋ ಸಾಲು ಮುರಿದ ಜಾಗವನ್ನೋ ಹೆಸರಿಸಿ ಹೇಳುವುದೊಂದೇ ದಾರಿ. ‘ಕೊನೆಯ ಎರಡು ಸಾಲು ಇಲ್ಲದಿದ್ದರೂ ಕವಿತೆ ಮುಗಿದಿತ್ತು’ ಎಂಬ ಒಂದೇ ವಾಕ್ಯದ ಕೆಳಗೆ ನಡೆದ ಚರ್ಚೆಗಳು ನನ್ನ ಪ್ರಕಾರ ಈ ಸೌಲಭ್ಯದ ಅತ್ಯುತ್ತಮ ಫಸಲು. ಅಂದಹಾಗೆ, ಈ ದೂರು ಕನ್ನಡದ ಅರ್ಧಕ್ಕರ್ಧ ಆನ್‌ಲೈನ್ ಕವಿತೆಗಳಿಗೆ ಸಲ್ಲುತ್ತದೆ.

ಕಥೆಗಳಲ್ಲಿ ಓದುಗರ ದೊಡ್ಡ ಕೊಡುಗೆ ಬೇರೆಯದೇ. ಆನ್‌ಲೈನ್ ಪತ್ರಿಕೆಗಳನ್ನು ಹೆಚ್ಚಾಗಿ ಒಬ್ಬಿಬ್ಬರು ನಡೆಸುತ್ತಾರೆ; ಎಲ್ಲ ಸೀಮೆಯ ಬದುಕೂ ಆಡುಮಾತೂ ಅವರಿಗೆ ಗೊತ್ತಿರಬೇಕೆಂದರೆ ಆಗದ ಮಾತು. ಮಲೆನಾಡಿನ ಕಥೆಯೊಂದರಲ್ಲಿ ದೀಪಾವಳಿಯ ಹೊತ್ತಿಗೆ ಆರಿದ್ರಾ ಮಳೆ ಸುರಿದರೆ ಸಂಪಾದಕರ ಕಣ್ಣು ತಪ್ಪಬಹುದು, ಬೇಸಾಯದ ಮನೆಯ ಓದುಗರ ಕಣ್ಣು ತಪ್ಪುವುದಿಲ್ಲ: ಆರಿದ್ರಾ ಜೂನ್ ಕೊನೆಯಿಂದ ಜುಲೈ ಮೊದಲ ವಾರದ ಮಳೆ, ದೀಪಾವಳಿಯ ಆಸುಪಾಸಿನದು ಸ್ವಾತಿ. ಧಾರವಾಡದ ಪಾತ್ರ ‘ಹೋಗೂಣು’ ಅನ್ನಬೇಕಾದಲ್ಲಿ ಕುಂದಾಪುರದ ‘ಹೋಪ’ ಅಂದುಬಿಟ್ಟರೆ ಆ ಕಡೆಯವರೊಬ್ಬರು ಬಂದೇ ಬರುತ್ತಾರೆ. ಮುದ್ರಣಕ್ಕಿಲ್ಲದ ಅನುಕೂಲ ಇಲ್ಲಿದೆ: ತಪ್ಪು ತೋರಿಸಿದ ಅರ್ಧ ಗಂಟೆಯಲ್ಲಿ ತಿದ್ದಬಹುದು. ಇದೇ ಒಂದು ತೊಡಕೂ ಹೌದು. ಕೆಲವರು ಸದ್ದಿಲ್ಲದೆ ತಿದ್ದಿಬಿಡುತ್ತಾರೆ; ಆಮೇಲೆ ಬಂದವರಿಗೆ ಕಥೆಯಲ್ಲಿ ಸ್ವಾತಿ ಮಳೆಯೇ ಕಾಣುತ್ತದೆ, ಕೆಳಗೆ ‘ಆರಿದ್ರಾ ತಪ್ಪು’ ಎಂದು ಬರೆದವರು ಪೆದ್ದರಂತೆ ಕಾಣುತ್ತಾರೆ. ‘ತಿದ್ದಿದೆ, ಧನ್ಯವಾದ’ ಎಂದು ಸಂಪಾದಕರು ಒಂದು ಸಾಲು ಉತ್ತರ ಹಾಕಿದರೆ ಸಾಕು. ಹಾಕದಿದ್ದರೆ ಕೇಳಿ ಹಾಕಿಸಿ.

ಇನ್ನು ಪೆಟ್ಟಿಗೆಯ ಕಾಟಗಳು. ‘ನನ್ನ ಪ್ರತಿಕ್ರಿಯೆ ಹಾಕಲೇ ಇಲ್ಲ, ಬೇಕಂತಲೇ ಅಳಿಸಿದ್ದಾರೆ’ ಎಂಬ ಅನುಮಾನ ಎಲ್ಲ ಕಡೆ ಕೇಳುವಂಥದ್ದು. ಅನೇಕ ಸಲ ಅಲ್ಲಿ ಯಾರ ಕೈವಾಡವೂ ಇರುವುದಿಲ್ಲ. ವರ್ಡ್‌ಪ್ರೆಸ್‌ನ ಮೂಲ ಸೆಟ್ಟಿಂಗ್ ಪ್ರಕಾರ ಮೊದಲ ಸಲ ಬರೆಯುವವರ ಮಾತು ಸಂಪಾದಕರ ಒಪ್ಪಿಗೆಗೆ ಕಾಯುತ್ತದೆ; ಒಮ್ಮೆ ಒಪ್ಪಿಗೆ ಸಿಕ್ಕವರದು ನೇರ ಪ್ರಕಟವಾಗುತ್ತದೆ. ಹಳಬರೋ ಹೊಸಬರೋ ಎಂದು ಅದು ನೋಡುವುದು ಹೆಸರು ಮತ್ತು ಇಮೇಲ್ ಎರಡನ್ನೂ ಸೇರಿಸಿ. ಇಂದು ಹೆಸರನ್ನು ಕನ್ನಡದಲ್ಲಿ, ನಾಳೆ ಇಂಗ್ಲಿಷಿನಲ್ಲಿ, ನಾಡಿದ್ದು ಊರಿನ ಹೆಸರು ಸೇರಿಸಿ ಬರೆದರೆ ಮೂರು ಸಲವೂ ಹೊಸಬರೇ. ಒಂದೇ ಹೆಸರು, ಒಂದೇ ಕಾಗುಣಿತ, ಒಂದೇ ಇಮೇಲ್ ಇಟ್ಟುಕೊಂಡರೆ ಈ ಗೋಳು ಅರ್ಧ ತಪ್ಪುತ್ತದೆ. ಮಾತಿನಲ್ಲಿ ಎರಡು ಲಿಂಕ್ ಇದ್ದರೂ ತಡೆ ಬೀಳುತ್ತದೆ, ಅದು ಸ್ಪ್ಯಾಮ್‌ಗಾಗಿ ಮಾಡಿದ ನಿಯಮ. ಕವಿಯ ಹಳೆಯ ಕವಿತೆಗಳನ್ನು ನೆನಪಿಸಬೇಕಿದ್ದರೆ ಒಂದರ ಲಿಂಕ್ ಕೊಟ್ಟು ಉಳಿದವನ್ನು ಶೀರ್ಷಿಕೆಯಿಂದ ಹೆಸರಿಸಿ. ಕಾಣಲಿಲ್ಲವೆಂದು ಅದನ್ನೇ ಮತ್ತೆ ಒತ್ತಿದರೆ ‘ಈಗಾಗಲೇ ಹೇಳಿದ್ದೀರಿ’ ಎಂಬರ್ಥದ ದೋಷ ಸಂದೇಶ ಬರುತ್ತದೆ; ಅದು ಬಂತೆಂದರೆ ಮೊದಲನೆಯದು ತಲುಪಿದೆ ಎಂದೇ ಅರ್ಥ. ಸುಮ್ಮನೆ ಕಾಯಿರಿ. ಅಮೆರಿಕದಿಂದ ಹಗಲಲ್ಲಿ ಬರೆಯುವ ಕನ್ನಡಿಗರು ಇಲ್ಲಿ ಆಗ ರಾತ್ರಿ ಎಂಬುದನ್ನೂ ಲೆಕ್ಕಕ್ಕೆ ತಗೊಳ್ಳಬೇಕು.

ನೇರ ಪೆಟ್ಟಿಗೆಯಲ್ಲೇ ಟೈಪ್ ಮಾಡಬೇಡಿ. ಇಮೇಲ್ ಖಾನೆ ಖಾಲಿ ಬಿಟ್ಟು ಒತ್ತಿದರೆ ದೋಷದ ಪುಟ ತೆರೆದುಕೊಳ್ಳುತ್ತದೆ, ಮೊಬೈಲಿನಲ್ಲಿ ಹಿಂದಕ್ಕೆ ಬಂದಾಗ ಕೆಲವೊಮ್ಮೆ ಪೆಟ್ಟಿಗೆ ಬರಿದಾಗಿರುತ್ತದೆ. ಫೋನಿನ ನೋಟ್ಸ್‌ನಲ್ಲಿ ಬರೆದು, ಒಮ್ಮೆ ಓದಿ, ನಕಲಿಸಿ ಅಂಟಿಸುವುದೇ ಕ್ಷೇಮ. ಕಂಪ್ಯೂಟರಿನಲ್ಲಿ ನುಡಿ ಅಥವಾ ಬರಹ ತಂತ್ರಾಂಶ ಬಳಸುವವರು ಯೂನಿಕೋಡ್ (ಎಲ್ಲ ಕಡೆ ಒಂದೇ ಥರ ಓದಿಸಿಕೊಳ್ಳುವ ಅಕ್ಷರಸಂಕೇತ) ಆಯ್ಕೆಯಲ್ಲಿ ಬರೆದಿದ್ದೇವೆಯೇ ಎಂದು ಮೊದಲು ನೋಡಬೇಕು. ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿ ಬರೆದದ್ದು ನಿಮ್ಮ ವರ್ಡ್ ಕಡತದಲ್ಲಿ ಮುದ್ದಾದ ಕನ್ನಡವಾಗಿ ಕಂಡರೂ ಪೆಟ್ಟಿಗೆಗೆ ಬಿದ್ದ ಕೂಡಲೇ ತಲೆಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳ ರಾಶಿಯಾಗುತ್ತದೆ. ಆಸ್ಕಿಯನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ಬಳಸಿದರೆ ಅರ್ಕಾವತ್ತು ಇರುವ ಪದಗಳನ್ನೂ ಎರಡೆರಡು ಒತ್ತಕ್ಷರದ ಪದಗಳನ್ನೂ ಕಣ್ಣಿಟ್ಟು ನೋಡಿ. ಕೆಡುವುದಿದ್ದರೆ ಅಲ್ಲೇ ಕೆಡುವುದು.

ಇನ್ನೊಂದು ಸೂಕ್ಷ್ಮ. ‘ಫೇಸ್‌ಬುಕ್’ ಎಂಬಲ್ಲಿ ‘ಸ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, ಬ-ಒತ್ತು ಬೀಳದಂತೆ ತಡೆಯುವುದು ಅದೇ. ಕೆಲವು ಕೀಬೋರ್ಡ್‌ಗಳಲ್ಲಿ ಅದನ್ನು ಒತ್ತುವ ಕೀಲಿಯೇ ಸಿಗುವುದಿಲ್ಲ, ಕೆಲವು ಪುಟಗಳು ಪಠ್ಯ ಸ್ವಚ್ಛ ಮಾಡುವಾಗ ಅದನ್ನು ತೆಗೆದುಹಾಕುತ್ತವೆ. ಆಗ ಕಾಣುವುದು ‘ಫೇಸ್ಬುಕ್’. ಗದ್ಯದಲ್ಲಿ ನಡೆಯುತ್ತದೆ. ಬೇರೆಯವರ ಕವಿತೆಯ ಸಾಲನ್ನು ಉಲ್ಲೇಖಿಸುವಾಗ ಹೀಗಾದರೆ ಕವಿ ಬರೆಯದ ರೂಪವನ್ನು ಕವಿಯ ತಲೆಗೆ ಕಟ್ಟಿದಂತಾಗುತ್ತದೆ. ಉಲ್ಲೇಖದ ಸಾಲುಗಳನ್ನು ಹೊಸದಾಗಿ ಟೈಪ್ ಮಾಡದೆ ಕವಿತೆಯಿಂದಲೇ ನಕಲಿಸಿ, ಕಳಿಸುವ ಮುನ್ನ ಒಮ್ಮೆ ಹೋಲಿಸಿ.

ಸಾಲುಗಳ ಜೋಡಣೆಯೂ ಇಷ್ಟೇ ರಗಳೆ. ಎಂಟರ್ ಒತ್ತಿ ಮಾಡಿದ ಸಾಲುಮುರಿವು ಸಾಮಾನ್ಯವಾಗಿ ಉಳಿಯುತ್ತದೆ. ಸಾಲಿನ ಮೊದಲಿಗೆ ಬಿಟ್ಟ ಖಾಲಿ ಜಾಗ ಉಳಿಯುವುದಿಲ್ಲ, ನಡುವೆ ಬಿಟ್ಟ ನಾಲ್ಕು ಸ್ಪೇಸ್ ಒಂದಾಗುತ್ತದೆ. ಮೆಟ್ಟಿಲಿಳಿದಂತೆ ಜೋಡಿಸಿದ ಕವಿತೆ ಎಡಗಡೆಗೆ ಒತ್ತಿಕೊಂಡು ನಿಲ್ಲುತ್ತದೆ. ಎರಡು ಸಾಲು ಉಲ್ಲೇಖಿಸುವುದಿದ್ದರೆ ನಡುವೆ ಓರೆಗೆರೆ ಹಾಕಿ ಒಂದೇ ಸಾಲಲ್ಲಿ ಬರೆಯುವುದು ಉತ್ತಮ.

ಉದ್ದದ ಬಗ್ಗೆ ಭಯ ಬೇಡ. ವರ್ಡ್‌ಪ್ರೆಸ್ ಒಂದು ಪ್ರತಿಕ್ರಿಯೆಗೆ ಸುಮಾರು 65 ಸಾವಿರ ಬೈಟ್ ಜಾಗ ಕೊಡುತ್ತದೆ; ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕಾದರೂ ಸಣ್ಣ ಲೇಖನವೇ ಹಿಡಿಯುತ್ತದೆ. ಆದರೆ ಕೆಲವು ಕಡೆ 500 ಅಥವಾ 1000 ಅಕ್ಷರದ ಮಿತಿ ಹಾಕಿ ಕೆಳಗೆ ಎಣಿಕೆ ತೋರಿಸುತ್ತಾರೆ. ಆ ಎಣಿಕೆಯಲ್ಲಿ ‘ಸ್ತ್ರೀ’ ಒಂದಲ್ಲ, ಆರು: ಸ, ವಿರಾಮ (ಅರ್ಧಾಕ್ಷರದ ಗುರುತು), ತ, ವಿರಾಮ, ರ, ದೀರ್ಘದ ಗುರುತು. ಸಾವಿರ ಎಂದು ನಂಬಿ ಕೂತರೆ ನೂರಿಪ್ಪತ್ತು ಪದಗಳ ಆಸುಪಾಸಿನಲ್ಲೇ ಬಾಗಿಲು ಮುಚ್ಚುತ್ತದೆ. ಒಂದು ಒಳ್ಳೆಯ ಪ್ರತಿಕ್ರಿಯೆಗೆ ಅಷ್ಟು ಸಾಕು ಅನ್ನುವುದು ಬೇರೆ ಮಾತು.

ಚರ್ಚೆ ಬೆಳೆದಾಗ ಪೆಟ್ಟಿಗೆ ಸೋಲುತ್ತದೆ. ಉತ್ತರಕ್ಕೆ ಉತ್ತರ ಹಾಕುತ್ತಾ ಹೋದರೆ ಮೂಲ ಸೆಟ್ಟಿಂಗ್‌ನಲ್ಲಿ ಐದು ಹಂತದವರೆಗೆ ಒಳಗೊಳಗೆ ಸರಿಯುತ್ತದೆ. ಪ್ರತಿ ಹಂತಕ್ಕೂ ಎಡಗಡೆ ಜಾಗ ಬಿಡುವುದರಿಂದ ಮೊಬೈಲ್ ಪರದೆಯಲ್ಲಿ ಐದನೆಯ ಉತ್ತರಕ್ಕೆ ಎರಡು ಬೆರಳಿನ ಅಗಲ ಉಳಿಯುತ್ತದೆ. ನಮ್ಮ ಉದ್ದನೆಯ ಪದಗಳು ಅಲ್ಲಿ ಮಧ್ಯಕ್ಕೇ ಮುರಿಯುತ್ತವೆ. ಮೂರನೆಯ ಉತ್ತರದ ನಂತರ ಕೆಳಗೆ ಹೊಸದಾಗಿ ಶುರುಮಾಡಿ, ಯಾರ ಮಾತಿಗೆ ಎಂದು ಹೆಸರು ಹೇಳಿ ಬರೆಯುವುದು ಓದುವವರಿಗೆ ಉಪಕಾರ. ಕವಿಗಳಿಗೂ ಒಂದು ಮಾತು: ಪ್ರತಿಯೊಬ್ಬರಿಗೂ ಬೇರೆ ಬೇರೆ ‘ಧನ್ಯವಾದ’ ಹಾಕಿದರೆ ಗಂಭೀರ ಮಾತುಗಳು ನಡುವೆ ಕಳೆದುಹೋಗುತ್ತವೆ. ಎಲ್ಲರಿಗೂ ಸೇರಿಸಿ ಒಂದು, ಪ್ರಶ್ನೆ ಕೇಳಿದವರಿಗೆ ಮಾತ್ರ ಪ್ರತ್ಯೇಕ. ತನ್ನ ಕವಿತೆಯ ಅರ್ಥ ಬಿಡಿಸಿ ಹೇಳಲು ಕೂತ ಕವಿಯನ್ನು ತಡೆಯುವ ಸೆಟ್ಟಿಂಗ್ ಮಾತ್ರ ಇನ್ನೂ ಬಂದಿಲ್ಲ.

ಸ್ಟಾರ್ ರೇಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿಯಂಥ ವೇದಿಕೆಗಳಲ್ಲಿ ಬರೆಯುವವರೂ ಓದುವವರೂ ಬಹಳಷ್ಟು ಮಟ್ಟಿಗೆ ಒಂದೇ ಬಳಗ. ಇವತ್ತು ನಾನು ನಿಮಗೆ ಐದು ಕೊಟ್ಟರೆ ನಾಳೆ ನೀವು ನನಗೆ ಐದು ಕೊಡುವುದು ಸಹಜ. ಧಾರಾವಾಹಿ ಕಥೆ ಓದುವವರಿಗೆ ‘ಮುಂದಿನ ಕಂತು ಬೇಗ ಹಾಕಿ’ ಎಂದು ಒತ್ತಾಯಿಸಲು ಅಲ್ಲಿನ ವ್ಯವಸ್ಥೆ ಚೆನ್ನಾಗಿದೆ. ಒಂದು ಸಣ್ಣಕಥೆ ಯಾಕೆ ನಿಂತಿತು, ಯಾಕೆ ಬಿತ್ತು ಎಂದು ತಿಳಿಯಲು ನಾಲ್ಕೂವರೆ ಸ್ಟಾರ್‌ನಿಂದ ಏನೂ ಸಿಗದು.

ಫೇಸ್‌ಬುಕ್‌ನ ಸಮಸ್ಯೆ ಇದಕ್ಕೆ ತದ್ವಿರುದ್ಧ, ಅಲ್ಲಿ ಮಾತು ನಿಜಕ್ಕೂ ಚೆನ್ನಾಗಿ ನಡೆಯುತ್ತದೆ. ಆದರೆ ನಡೆಯುವುದು ಲಿಂಕ್ ಹಂಚಿದವರ ಗೋಡೆಯ ಮೇಲೆ, ಅದೂ ನಾಲ್ಕೈದು ಗೋಡೆಗಳಲ್ಲಿ ಚದುರಿ. ಕವಿತೆಯ ಕೆಳಗೆ ‘ಪ್ರತಿಕ್ರಿಯೆಗಳು: 0’ ಎಂದೇ ಇರುತ್ತದೆ. ಅಲ್ಲಿ ನಾಲ್ಕು ಸಾಲು ಬರೆದವರು ಅದನ್ನೇ ನಕಲಿಸಿ ಕವಿತೆಯ ಕೆಳಗೂ ಅಂಟಿಸಿದರೆ ಎರಡು ನಿಮಿಷದ ಕೆಲಸ.

ಈ ಸೌಲಭ್ಯಕ್ಕೆ ಪೂರ್ಣ ಅಂಕ ಕೊಡಲು ನನಗೆ ಕೈ ಬಾರದಿರುವುದು ಸಂಗ್ರಹದ ವಿಷಯದಲ್ಲಿ. ಪತ್ರಿಕೆ ಹೊಸ ವಿನ್ಯಾಸಕ್ಕೆ ಬದಲಾದಾಗ, ಸರ್ವರ್ ಬದಲಿಸಿದಾಗ ಕಥೆ ಕವಿತೆಗಳನ್ನು ಜೋಪಾನವಾಗಿ ಸಾಗಿಸುತ್ತಾರೆ, ಪ್ರತಿಕ್ರಿಯೆಗಳನ್ನು ಮರೆಯುತ್ತಾರೆ. ಡೇಟಾಬೇಸ್‌ನ ಅಕ್ಷರಸಂಕೇತ ಹೊಂದದೆ ಸಾಗಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಹಳೆಯ ಬ್ಯಾಕಪ್ ಇಲ್ಲದಿದ್ದರೆ ಅದನ್ನು ಮರಳಿ ಪಡೆಯುವಂತಿಲ್ಲ. ವಿಚಿತ್ರ ರೋಮನ್ ಚಿಹ್ನೆಗಳಾಗಿ ಕಂಡರೆ ಆಸೆ ಬಿಡಬೇಡಿ, ಅದನ್ನು ಸಾಮಾನ್ಯವಾಗಿ ಸರಿಪಡಿಸಬಹುದು, ಸಂಪಾದಕರಿಗೆ ತಿಳಿಸಿ. ಫೇಸ್‌ಬುಕ್ ಪ್ಲಗಿನ್ (ಪುಟಕ್ಕೆ ಜೋಡಿಸುವ ಹೊರಗಿನ ಸಣ್ಣ ತಂತ್ರಾಂಶ) ಮೂಲಕ ಪ್ರತಿಕ್ರಿಯೆ ಪಡೆಯುತ್ತಿದ್ದ ಪುಟಗಳದ್ದು ಇನ್ನೊಂದು ಕಥೆ: ಆ ಮಾತುಗಳು ಪುಟದ ವಿಳಾಸಕ್ಕೆ ಅಂಟಿಕೊಂಡಿರುತ್ತಿದ್ದವು, ವಿಳಾಸ ಬದಲಾದರೆ ಕಾಣದಾಗುತ್ತಿದ್ದವು.

ಆದ್ದರಿಂದ ಬೆಲೆಯುಳ್ಳ ಚರ್ಚೆ ಕಂಡರೆ ಆ ಪುಟದ ವಿಳಾಸವನ್ನು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ಗೆ ಕೊಟ್ಟು ಒಂದು ಪ್ರತಿ ಉಳಿಸಿ. ಖಾತೆ ಬೇಡ, ದುಡ್ಡು ಬೇಡ. ಉಳಿಸಿದ ಮೇಲೆ ತೆರೆದು ಪ್ರತಿಕ್ರಿಯೆಗಳೂ ಬಂದಿವೆಯೇ ನೋಡಿ. ಪೆಟ್ಟಿಗೆ ಪುಟದ ಭಾಗವೇ ಆಗಿದ್ದರೆ ಬಂದಿರುತ್ತವೆ, ಹೊರಗಿನ ಪ್ಲಗಿನ್‌ನಿಂದ ತಡವಾಗಿ ಇಳಿಯುವಂಥದ್ದಾದರೆ ಬಹುಮಟ್ಟಿಗೆ ಬಂದಿರುವುದಿಲ್ಲ. ಆಗ ಎಲ್ಲ ಉತ್ತರಗಳನ್ನೂ ಬಿಡಿಸಿ ತೆರೆದಿಟ್ಟು, ಬ್ರೌಸರಿನ ಪ್ರಿಂಟ್ ಆಯ್ಕೆಯಿಂದ ಪಿಡಿಎಫ್ ಮಾಡಿಟ್ಟುಕೊಳ್ಳಿ, ಒಂದು ಪ್ರತಿಯನ್ನು ಕವಿಗೂ ಕಳಿಸಿ.