ಶ್ರೀಲಂಕಾದಲ್ಲಿ ಮೂನ್‌ಸ್ಟೋನ್ ಕೊಳ್ಳುವವರೇ, ಸ್ವಲ್ಪ ಹುಷಾರು

ಗಾಲೆ, ಹಿಕ್ಕಡುವ ಕಡೆ ಪ್ರವಾಸ ಹೊರಟವರು ಇದನ್ನು ಓದಿಬಿಡಿ. ಅಲ್ಲೇ ಹತ್ತಿರದ ಮೀಟಿಯಾಗೊಡದಲ್ಲಿ ಮೂನ್‌ಸ್ಟೋನ್ ಎಂಬ ಹೊಳೆಯುವ ಆಭರಣದ ಕಲ್ಲಿನ ಗಣಿಗಳಿವೆ. ಬಾವಿಯಂಥ ಗುಂಡಿಗೆ ಇಳಿದು ಮಣ್ಣು ತೆಗೆದು, ಬುಟ್ಟಿಯಲ್ಲಿ ತೊಳೆದು ಕಲ್ಲು ಹುಡುಕುತ್ತಾರೆ. ಅದೆಲ್ಲ ನಿಜವೇ. ನಮಗೆ ಟೋಪಿ ಬಿದ್ದದ್ದು ವಾಪಸ್ ಬರುವಾಗ, ರಸ್ತೆ ಬದಿಯ ಒಂದು ಅಂಗಡಿಯಲ್ಲಿ.

ಹೆಂಡತಿಗೆ ಒಂದು ಪೆಂಡೆಂಟ್ ಕೊಂಡೆವು. ಮೈಯೆಲ್ಲ ನೀಲಿ ಹೊಳಪು, ಹೇಗೆ ತಿರುಗಿಸಿದರೂ ಅಷ್ಟೇ ನೀಲಿ. ಬೆಂಗಳೂರಿನಲ್ಲಿ ಪರಿಚಯದ ಅಕ್ಕಸಾಲಿಗರು ಅದನ್ನು ಕಿಟಕಿಗೆ ಹಿಡಿದರು. ಬೆಳಕು ಹಾದಾಗ ಕಲ್ಲು ಕಿತ್ತಳೆ ಬಣ್ಣಕ್ಕೆ ತಿರುಗಿತು. ಲೂಪ್‌ನಲ್ಲಿ, ಅಂದರೆ ಅಕ್ಕಸಾಲಿಗರ ಪುಟ್ಟ ಭೂತಗನ್ನಡಿಯಲ್ಲಿ, ದುಂಡನೆಯ ಗಾಳಿಗುಳ್ಳೆ ಕಂಡಿತು. ಓಪಲೈಟ್ ಅಂತಾರಂತೆ, ಬರೀ ಗಾಜು.

ಅಸಲಿ ಮೂನ್‌ಸ್ಟೋನ್ ಹೆಚ್ಚಾಗಿ ಆರ್ಥೋಕ್ಲೇಸ್, ಅಂದರೆ ಫೆಲ್ಡ್‌ಸ್ಪಾರ್ ಎಂಬ ಖನಿಜ ಕುಟುಂಬದ್ದು. ಫೆಲ್ಡ್‌ಸ್ಪಾರ್ ಅಪರೂಪವೇನಲ್ಲ, ಭೂಮಿಯ ಹೊರಪದರದ ಅರ್ಧದಷ್ಟು ಅದೇ. ರಾಮನಗರದ ಬಂಡೆಗಳಲ್ಲಿ ಕಾಣುವ ಗುಲಾಬಿ ಹರಳುಗಳೂ ಪೊಟ್ಯಾಸಿಯಂ ಫೆಲ್ಡ್‌ಸ್ಪಾರೇ, ಸುಮಾರು 250 ಕೋಟಿ ವರ್ಷ ಹಳೆಯವು. ಅವನ್ನು ಯಾರೂ ಕೊರಳಿಗೆ ಹಾಕಿಕೊಳ್ಳುವುದಿಲ್ಲ, ಅಲ್ವಾ? ಬೆಲೆ ಇರುವುದು ಆ ಹೊಳಪಿಗೆ. ಬಿಸಿಯಲ್ಲಿ ಪೊಟ್ಯಾಸಿಯಂ, ಸೋಡಿಯಂ ಎರಡೂ ಒಂದೇ ಹರಳಿನಲ್ಲಿ ಬೆರೆತಿರುತ್ತವೆ. ನಿಧಾನಕ್ಕೆ ತಣಿಯುತ್ತಾ ಹೋದ ಹಾಗೆ ಒಂದಕ್ಕೊಂದು ಹೊಂದದೆ ಬೇರೆಯಾಗಿ, ಪೊಟ್ಯಾಸಿಯಂ ಇರುವ ಆರ್ಥೋಕ್ಲೇಸ್ ಒಂದು ಪದರ, ಸೋಡಿಯಂ ಇರುವ ಆಲ್ಬೈಟ್ ಒಂದು ಪದರ, ಹೀಗೆ ಕೂರುತ್ತವೆ. ಆ ಪದರಗಳು ಕಣ್ಣಿಗೇ ಕಾಣದಷ್ಟು ತೆಳು. ಬೆಳಕು ಅಲ್ಲಿ ಚದುರಿ ಹೊಳಪು ಹುಟ್ಟುತ್ತದೆ.

ಹಾಗಾಗಿ ಅಸಲಿ ಕಲ್ಲಿನಲ್ಲಿ ಹೊಳಪು ನಿಂತಲ್ಲಿ ನಿಲ್ಲುವುದಿಲ್ಲ. ಕಲ್ಲನ್ನು ಓಲಾಡಿಸಿದರೆ ಬೆಳಕು ಮೇಲೆ ಜಾರುತ್ತದೆ, ಒಂದು ಕೋನದಲ್ಲಿ ಮಾಯವೂ ಆಗುತ್ತದೆ. ಒಳಗೆ ಜರಿಹುಳದ ಕಾಲಿನಂಥ ಸಣ್ಣ ಬಿರುಕುಗಳಿದ್ದರೆ ಬೇಡ ಅನ್ನಬೇಡಿ, ಅವು ಮೂನ್‌ಸ್ಟೋನ್‌ಗೆ ಸಹಜ. ಕನ್ನಡಿಯಷ್ಟು ನಿರ್ಮಲವಾಗಿದ್ದು ಅಗ್ಗಕ್ಕೆ ಸಿಕ್ಕರೆ ಅನುಮಾನ ಪಡಿ. ಗೀರಿ ನೋಡುವ ಪರೀಕ್ಷೆ ಮಾತ್ರ ಬೇಡ. ಖನಿಜಗಳ ಗಡಸುತನ ಅಳೆಯುವ 1ರಿಂದ 10ರ ಮೋಹ್ಸ್ ಮಾಪಕದಲ್ಲಿ ಗಾಜಿನದ್ದು 5.5ರ ಹತ್ತಿರ, ಇದರದ್ದು 6ರಿಂದ 6.5. ವ್ಯತ್ಯಾಸ ಅಷ್ಟೇ, ಸುಮ್ನೆ ಒಳ್ಳೆ ಕಲ್ಲು ಹಾಳಾಗುತ್ತದೆ.

'ರೇನ್‌ಬೋ ಮೂನ್‌ಸ್ಟೋನ್' ಬೇರೆ ಕಥೆ. ಅದು ಲ್ಯಾಬ್ರಡೊರೈಟ್, ಫೆಲ್ಡ್‌ಸ್ಪಾರ್ ಕುಟುಂಬದ್ದೇ ಇನ್ನೊಂದು ಖನಿಜ. ನಕಲಿಯಲ್ಲ, ಆದರೆ ಆರ್ಥೋಕ್ಲೇಸ್ ಎಂದು ದುಡ್ಡು ಕೊಡಬೇಡಿ.

ಅಂಗಡಿಯವರಿಗೆ ಫೋಟೋ ಕಳಿಸಿದೆ. "ಬಿಲ್‌ನಲ್ಲಿ ಮೂನ್‌ಸ್ಟೋನ್ ಟೈಪ್ ಅಂತಲೇ ಇದೆಯಲ್ಲ ಸಾರ್" ಎಂದು ಉತ್ತರ ಬಂತು. ನಿಜ, ಹಾಗೇ ಇದೆ. ನೀವು 'ನ್ಯಾಚುರಲ್ ಆರ್ಥೋಕ್ಲೇಸ್ ಫೆಲ್ಡ್‌ಸ್ಪಾರ್' ಎಂದು ಬರೆಸಿಕೊಳ್ಳಿ. ಬರೆಯಲು ಹಿಂದೇಟು ಹಾಕಿದರೆ ಕಲ್ಲನ್ನು ಅಲ್ಲೇ ಇಟ್ಟು ಬನ್ನಿ.