ಸ್ಕೋಪ್ ಝೀರೋ ಮಾಡುವುದು 100 ಗಜಕ್ಕೋ 200ಕ್ಕೋ, ಮೂರು ಈಡಿಗೋ ಹತ್ತಕ್ಕೋ?

ಝೀರೋ ಎಂದರೆ ಗೊತ್ತಾದ ದೂರದಲ್ಲಿ ಸ್ಕೋಪಿನ ಗೆರೆ ಇಟ್ಟಲ್ಲಿಗೇ ಗುಂಡು ಬೀಳುವಂತೆ ಸ್ಕೋಪನ್ನು ಹೊಂದಿಸುವುದು. ಹೋಲಿಕೆಗೆ ಇಟ್ಟುಕೊಂಡಿರುವುದು ಅಮೆರಿಕದ ರೇಂಜ್‌ಗಳಲ್ಲಿ ದಿನಾ ಕಾಣುವ ಜೋಡಣೆ. 6.5 ಕ್ರೀಡ್‌ಮೂರ್ ಎಂಬ ತೋಟೆಯ ಬೋಲ್ಟ್ ಆ್ಯಕ್ಷನ್ ರೈಫಲ್, ಕಾಲು ಎಂಒಎ ಕ್ಲಿಕ್ಕಿನ ಸ್ಕೋಪ್ (ಎಂಒಎ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ, 100 ಗಜದಲ್ಲಿ ಸುಮಾರು 1.05 ಇಂಚು), ಕೈಯಾರೆ ತುಂಬಿದ 140 ಗ್ರೇನ್ (ಸುಮಾರು 9 ಗ್ರಾಂ) ಮ್ಯಾಚ್ ಗುಂಡಿನ ತೋಟೆ. ವೇಗ ಸೆಕೆಂಡಿಗೆ 2700 ಅಡಿ ಆಸುಪಾಸು. ಸ್ಕೋಪಿನ ನಡು ನಳಿಗೆಯ ನಡುವಿಗಿಂತ ಒಂದೂಮುಕ್ಕಾಲು ಇಂಚು ಮೇಲಿದೆ. ಕೆಳಗಿನ ಅಂಕಿಗಳೆಲ್ಲ ಈ ಜೋಡಣೆಯವು. .308 ತೋಟೆಯ ಕೋವಿ ಹಿಡಿದವರಿಗೆ ಗುಂಡಿನ ಇಳಿತ ಇನ್ನೂ ಜಾಸ್ತಿ ಇರುತ್ತದೆ, ಲೆಕ್ಕದ ದಾರಿ ಮಾತ್ರ ಒಂದೇ.

ಊರಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು: ಭಾರತದಲ್ಲಿ ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಕೊಡವರಿಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟೆ ತಯಾರಿಸುವುದಕ್ಕಲ್ಲ.

ಮೊದಲ ಕೆಲಸ ಗುಂಡನ್ನು ಕಾಗದದ ಮೇಲೆ ತರುವುದು. ಇದಕ್ಕೆ ಲೇಸರ್ ಬೋರ್‌ಸೈಟರ್ (ನಳಿಗೆ ಎತ್ತ ನೋಡುತ್ತಿದೆ ಎಂದು ಬೆಳಕಿನ ಚುಕ್ಕೆಯಿಂದ ತೋರಿಸುವ ಸಾಧನ) ಕೊಳ್ಳುವವರೇ ಹೆಚ್ಚು. ಬೋಲ್ಟ್ ರೈಫಲ್ ಇದ್ದರೆ ಅದು ದಂಡದ ಖರ್ಚು. ಬೋಲ್ಟ್ ತೆಗೆದು, ಮರಳು ಚೀಲದ ಮೇಲೆ ಕೋವಿಯನ್ನು ಅಲುಗಾಡದಂತೆ ಕೂರಿಸಿ, ಹಿಂದಿನಿಂದ ನಳಿಗೆಯೊಳಗೆ ನೋಡಿ 50 ಗಜದ ಕಪ್ಪು ಚುಕ್ಕೆಯನ್ನು ಸರಿಯಾಗಿ ನಡುವಿಗೆ ತನ್ನಿ. ಆಮೇಲೆ ಕೋವಿ ಮುಟ್ಟದೆ ಸ್ಕೋಪಿನ ಗೆರೆಗಳನ್ನು ಅದೇ ಚುಕ್ಕೆಗೆ ತಿರುಗಿಸಿ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಟರೆಟ್ (ಗೆರೆ ಸರಿಸುವ ತಿರುಪು) ಮೇಲಿನ ಬಾಣ ಗುಂಡು ಎತ್ತ ಸರಿಯುತ್ತದೆ ಎಂದು ಹೇಳುತ್ತದೆ, ಗೆರೆ ಸರಿಯುವುದು ಅದಕ್ಕೆ ಉಲ್ಟಾ. ಗೆರೆ ಚುಕ್ಕೆಗಿಂತ ಮೇಲಿದ್ದರೆ ‘ಅಪ್’ ಕಡೆಗೇ ತಿರುಗಿಸಬೇಕು. ಲೇಸರಿನ ಚುಕ್ಕೆ ಬಿಸಿಲಲ್ಲಿ 50 ಗಜಕ್ಕೇ ಕಾಣುವುದಿಲ್ಲ. ಚೇಂಬರಿನಲ್ಲಿ (ತೋಟೆ ಕೂರುವ ಜಾಗದಲ್ಲಿ) ಅದನ್ನು ಅರ್ಧ ಸುತ್ತು ತಿರುಗಿಸಿ ನೋಡಿದರೆ ಚುಕ್ಕೆ ಜಾಗ ಬದಲಿಸುವುದೂ ಉಂಟು. ನಳಿಗೆಯ ಬಾಯಿಗೆ ಸಿಕ್ಕಿಸುವ ಜಾತಿಯದಂತೂ ತೆಗೆಯಲು ಮರೆತು ಈಡು ಹಾರಿಸಿದರೆ ನಳಿಗೆಯೇ ಸಿಡಿಯಬಹುದು. ಬೋಲ್ಟ್ ತೆಗೆಯಲಾಗದ ಲಿವರ್ ಆ್ಯಕ್ಷನ್ ಕೋವಿಗಳಿಗಷ್ಟೇ ಲೇಸರ್ ಇರಲಿ.

ಮೊದಲ ಈಡು 25 ಗಜದಲ್ಲಿ. ಅಲ್ಲಿ ಒಂದು ಕ್ಲಿಕ್ ಎಂದರೆ 0.065 ಇಂಚು. ಗುಂಡು 2 ಇಂಚು ಬಲಕ್ಕೆ, 3 ಇಂಚು ಕೆಳಗೆ ಬಿತ್ತು ಎನ್ನಿ. ಎಡಕ್ಕೆ 31 ಕ್ಲಿಕ್. ಮೇಲಕ್ಕೆ ಪೂರಾ ಮೂರು ಇಂಚು ತರಬಾರದು, 32 ಕ್ಲಿಕ್ ಸಾಕು. 100 ಗಜಕ್ಕೆ ಸರಿಯಿರುವ ಈ ಕೋವಿ 25ರಲ್ಲಿ 0.9 ಇಂಚು ಕೆಳಗೇ ಹೊಡೆಯಬೇಕು, ಏಕೆಂದರೆ ಗುಂಡು ಸ್ಕೋಪಿನ ಕೆಳಗಿಂದ ಏರುತ್ತಾ ಬರುತ್ತಿರುತ್ತದೆ. 25ರಲ್ಲಿ ನಡುವಿಗೇ ತಂದು ಖುಷಿಪಟ್ಟವರ ಗುಂಡು 100ರಲ್ಲಿ ಮೂರೂವರೆ ಇಂಚು ಮೇಲೆ ಕೂರುತ್ತದೆ.

ಇನ್ನು 100 ಗಜವೋ, 200 ಗಜವೋ? ಜಿಂಕೆ ಬೇಟೆಗೆ ಹೋಗುವವರು, ಟರೆಟ್ ಮುಟ್ಟದವರು 200 ಇಟ್ಟುಕೊಳ್ಳಲಿ. 100ರಲ್ಲಿ ಒಂದೂವರೆ ಇಂಚು ಮೇಲೆ, 250ರಲ್ಲಿ ಮೂರ್ನಾಲ್ಕು ಇಂಚು ಕೆಳಗೆ. ನಡುವಿಗಿಟ್ಟು ಹೊಡೆದರೆ ಆಯಿತು. ಆದರೆ 600, 800, 1000 ಗಜಕ್ಕೆ ಕ್ಲಿಕ್ ಎಣಿಸಿ ಹೊಡೆಯುವವರಿಗೆ ನಮ್ಮ ಮತ 100ಕ್ಕೆ. ಕಾರಣ ಗಾಳಿ. ಗಂಟೆಗೆ 10 ಮೈಲಿಯ ಅಡ್ಡಗಾಳಿ 100 ಗಜದಲ್ಲಿ ಗುಂಡನ್ನು ಅರ್ಧ ಇಂಚಿನಷ್ಟು ತಳ್ಳಿದರೆ 200ರಲ್ಲಿ ಎರಡು ಇಂಚು ದಾಟುತ್ತದೆ. ಆ ಎರಡು ಇಂಚನ್ನು ಸ್ಕೋಪಿನ ತಪ್ಪೆಂದು ತಿಳಿದು ಕ್ಲಿಕ್ ಹಾಕಿದರೆ ಅವತ್ತಿನ ಗಾಳಿ ಕೋವಿಯೊಳಗೇ ಕೂತುಬಿಡುತ್ತದೆ, ಮುಂದಿನ ವಾರ 800ರಲ್ಲಿ ಹೊರಬರುತ್ತದೆ. ಬಿಸಿಲೇರಿದ ಮೇಲೆ 200ರಲ್ಲಿ ಕಾಗದವೇ ನೀರಲ್ಲಿ ತೇಲಿದಂತೆ ಕಾಣುತ್ತದೆ. 100 ಗಜದ ಝೀರೋದಲ್ಲಿ ಇನ್ನೊಂದು ಅನುಕೂಲ: ತಿದ್ದುವುದೆಲ್ಲ ಒಂದೇ ದಿಕ್ಕಿಗೆ, ಮೇಲಕ್ಕೆ.

ನಿಜವಾದ ಜಗಳ ಇರುವುದು ಈಡಿನ ಸಂಖ್ಯೆಯಲ್ಲಿ. ಮೂರು ಹೊಡೆದು ನಡು ನೋಡಿ ಕ್ಲಿಕ್ ಹಾಕುವುದು ರೂಢಿ. ನಿಮ್ಮ ಕೋವಿ ಐದು ಈಡಿಗೆ ಸರಾಸರಿ 1 ಎಂಒಎ ಗ್ರೂಪ್ (ಅತಿ ದೂರದ ಎರಡು ತೂತುಗಳ ನಡುವಿನ ಅಂತರ) ಕೊಡುತ್ತದೆ ಎಂದರೆ, ಮೂರು ಈಡಿನಿಂದ ಹಿಡಿದ ನಡು ಎಡಬಲದಲ್ಲಿ 0.37 ಎಂಒಎವರೆಗೂ, ಮೇಲೆಕೆಳಗೂ ಅಷ್ಟೇ, ತಪ್ಪಿರಬಹುದು. ಒಂದೂವರೆ ಕ್ಲಿಕ್ಕಾಯಿತು. 800 ಗಜದಲ್ಲಿ ಅದು ಮೂರು ಇಂಚು. ಹತ್ತು ಹೊಡೆದರೆ ತಪ್ಪು 0.2ಕ್ಕೆ, ಅಂದರೆ ಒಂದು ಕ್ಲಿಕ್ಕಿನೊಳಕ್ಕೆ ಇಳಿಯುತ್ತದೆ. ಮೂರು ಹೊಡೆದು ಒಂದು ಕ್ಲಿಕ್ ಬಲಕ್ಕೆ, ಮತ್ತೆ ಮೂರು ಹೊಡೆದು ಒಂದು ಎಡಕ್ಕೆ ಎಂದು ಬೆಳಗಿನಿಂದ ಮಧ್ಯಾಹ್ನದವರೆಗೆ ಸ್ಕೋಪನ್ನು ಬೈಯುವವರು ಅಟ್ಟಿಸಿಕೊಂಡು ಹೋಗುತ್ತಿರುವುದು ತಮ್ಮದೇ ಚೆದುರನ್ನು. ಹತ್ತು ತೋಟೆ ದುಬಾರಿ ಅನ್ನಿಸುತ್ತದೆ, ಮೂರರಂತೆ ಆರು ಸಲ ಸುಟ್ಟದ್ದಕ್ಕಿಂತ ಅಗ್ಗವೇ.

ಲೆಕ್ಕ ಹೀಗೆ. ನಳಿಗೆ ಒರೆಸಿದ್ದರೆ ಮೊದಲು ಮೂರ್ನಾಲ್ಕು ಈಡು ಬೇರೆ ಕಾಗದಕ್ಕೆ ಹಾರಿಸಿ. ಆಮೇಲೆ ಐದು, ನಳಿಗೆ ಕೈಗೆ ತಣ್ಣಗೆ ಹತ್ತುವವರೆಗೆ ಬಿಟ್ಟು ಮತ್ತೆ ಐದು, ನಡುವೆ ಟರೆಟ್ ಮುಟ್ಟಬೇಡಿ. ಪ್ರತಿ ತೂತೂ ನಡುಗೆರೆಯಿಂದ ಎಷ್ಟು ಬಲ, ಎಷ್ಟು ಎಡ ಎಂದು ಅಳೆದು ಕೂಡಿ, ಹತ್ತರಿಂದ ಭಾಗಿಸಿ. ಮೊತ್ತ ಬಲಕ್ಕೆ 4.2 ಇಂಚು ಬಂದರೆ ಸರಾಸರಿ 0.42; ಎಡಕ್ಕೆ ಎರಡು ಕ್ಲಿಕ್. ಮೇಲೆಕೆಳಗಿನ ಮೊತ್ತ ಕೆಳಕ್ಕೆ 0.9 ಬಂದರೆ ಸರಾಸರಿ 0.09, ಅರ್ಧ ಕ್ಲಿಕ್ಕಿಗೂ ಸಾಲದು, ಹಾಗೇ ಬಿಡಿ. ದೂರ ಬಿದ್ದ ಒಂದನ್ನು ‘ಫ್ಲೈಯರ್’ ಎಂದು ಬಿಡುವಂತಿಲ್ಲ. ಟ್ರಿಗರ್ ಎಳೆದ ಕ್ಷಣವೇ, ಕಾಗದ ನೋಡುವ ಮೊದಲೇ, ‘ಕೈ ಎಳೆಯಿತು’ ಎಂದು ಹೇಳಿದ್ದರೆ ಮಾತ್ರ ಬಿಡಬಹುದು.

ಕೈತುಂಬಿದ ತೋಟೆಯ ವಿಷಯದಲ್ಲಿ 100 ಗಜ ಮೋಸ ಮಾಡುತ್ತದೆ ಎಂಬುದು ನಿಜ. ವೇಗದಲ್ಲಿ 50 ಅಡಿ ವ್ಯತ್ಯಾಸ ಅಲ್ಲಿ 0.1 ಇಂಚೂ ಕಾಣುವುದಿಲ್ಲ. 1000 ಗಜಕ್ಕೆ ಹೋದರೆ ಪ್ರತಿ 10 ಅಡಿಗೂ ಎರಡೂವರೆಯಿಂದ ಮೂರು ಇಂಚು. ಮದ್ದಿನ ಅಳತೆ 0.1 ಗ್ರೇನ್ ಬದಲಾದರೆ ಸುಮಾರು 5-6 ಅಡಿ ವೇಗ ಬದಲಾಗುತ್ತದೆ, ಹಾಗಾಗಿ 0.1ರ ಆಚೀಚೆ ತೋರಿಸುವ ತಕ್ಕಡಿಯ ತಪ್ಪೇ ಮೂರ್ನಾಲ್ಕು ಇಂಚಾಗಬಹುದು. ಬೇರೆ ಬೇರೆ ಕಂಪನಿಯ ಕೇಸ್ (ತೋಟೆಯ ಹಿತ್ತಾಳೆ ಕೋಶ) ಬೆರೆಸಿದರೂ ಇದೇ ಗೋಳು. ಹೊಸ ನಳಿಗೆ ಮೊದಲ 100-200 ಈಡಿನಲ್ಲಿ ತಾನೇ ವೇಗ ಏರಿಸಿಕೊಳ್ಳುತ್ತದೆ, ಅಲ್ಲಿಯವರೆಗೆ ಯಾವ ದೂರಕ್ಕೆ ಎಷ್ಟು ಕ್ಲಿಕ್ ಎಂಬ ಪಟ್ಟಿ ಬರೆಯಬೇಡಿ. ಮದ್ದಿನ ಪ್ರಮಾಣ ತಯಾರಕರ ಪಟ್ಟಿಯ ಆರಂಭದ ಅಂಕಿಯಿಂದಲೇ ಶುರುವಾಗಲಿ, ಗೆಳೆಯನ ಕೋವಿಯ ಅಂಕಿಯಿಂದಲ್ಲ.

ವೇಗ ಅಳೆಯಲು ನಳಿಗೆಯ ತುದಿಗೆ ಕಟ್ಟುವ ಕ್ರೋನೋಗ್ರಾಫ್ ಅಗ್ಗ. ಆದರೆ ಅದರ ಭಾರಕ್ಕೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ಅದನ್ನು ಕಟ್ಟಿಕೊಂಡು ಝೀರೋ ಮಾಡಿ, ಬಿಚ್ಚಿಟ್ಟು ಮ್ಯಾಚಿಗೆ ಹೋದರೆ ಕಥೆ ಮುಗಿಯಿತು. ಬೆಂಚಿನ ಮೇಲಿಡುವ ರೇಡಾರ್ ಮಾದರಿ ನಳಿಗೆಯನ್ನು ಮುಟ್ಟುವುದಿಲ್ಲ. ಅದೇ ಹತ್ತು ಈಡಿನಲ್ಲಿ ಝೀರೋ, ವೇಗ ಎರಡೂ ಸಿಗುತ್ತವೆ. ದುಡ್ಡು ಹಾಕುವುದಿದ್ದರೆ ಇಲ್ಲಿ ಹಾಕಿ.

ಎಂಒಎಯೋ ಮಿಲ್ಲೋ (ಇನ್ನೊಂದು ಕೋನದ ಅಳತೆ, 100 ಮೀಟರಿನಲ್ಲಿ 10 ಸೆಂ.ಮೀ.) ಎಂಬುದು ರುಚಿಯ ಮಾತು. ಗಜ-ಇಂಚಿನವರಿಗೆ ಅದು, ಮೀಟರಿನವರಿಗೆ ಇದು. ಟರೆಟ್ ಮತ್ತು ಗೆರೆ ಎರಡೂ ಒಂದೇ ಆಗಿದ್ದರೆ ಸಾಕು. ಯಾವುದಾದರೂ ಸರಿ, ಸ್ಕೋಪ್ ಹೇಳಿದಷ್ಟು ಸರಿಯುತ್ತದೆಯೇ ಎಂದು ಅಳೆಯಲೇಬೇಕು. 100 ಗಜದಲ್ಲಿ ಎತ್ತರದ ಹಲಗೆ ನಿಲ್ಲಿಸಿ, ತೂಗುಗುಂಡು ಇಳಿಬಿಟ್ಟು ನೇರ ಗೆರೆ ಎಳೆಯಿರಿ. ತಳದ ಚುಕ್ಕೆಗೆ ಗುರಿಯಿಟ್ಟು 30 ಎಂಒಎ ಏರಿಸಿ ಹೊಡೆದರೆ ಗುಂಡು 31.4 ಇಂಚು ಮೇಲೆ ಬೀಳಬೇಕು. 30.5 ಬಂದರೆ 1000 ಗಜದಲ್ಲಿ 9 ಇಂಚು ಕೆಳಗೆ ಹೋಗುತ್ತದೆ, ಮದ್ದನ್ನು ದೂರಿ ಫಲವಿಲ್ಲ. ತೂತುಗಳು ನೇರ ಗೆರೆ ಬಿಟ್ಟು ಪಕ್ಕಕ್ಕೆ ಸರಿದರೆ ಸ್ಕೋಪ್ ವಾರೆಯಾಗಿ ಕೂತಿದೆ ಎಂದರ್ಥ: ಒಂದೇ ಡಿಗ್ರಿ ವಾರೆ 1000 ಗಜದಲ್ಲಿ ಐದೂವರೆ ಇಂಚು. ಆಗ ಸ್ಕೋಪ್ ಹಿಡಿದಿರುವ ರಿಂಗ್ ಬಿಚ್ಚಿ ಮತ್ತೆ ಕೂರಿಸಬೇಕು, ಮೊದಲಿನಿಂದ ಝೀರೋ ಮಾಡಬೇಕು. ಅದಕ್ಕೇ ಹಲಗೆ ಪರೀಕ್ಷೆಯನ್ನು ಆ ಹತ್ತು ಈಡಿಗಿಂತ ಮುಂಚೆಯೇ ಮುಗಿಸಿಕೊಂಡರೆ ತೋಟೆ ಉಳಿಯುತ್ತವೆ.