ವಚನದ ಕಾರ್ಡು ಮತ್ತು 12 ಮುತ್ತಿನ ಗುಂಡಿ

ಪೊಟ್ಟಣ ಬಿಚ್ಚಿದಾಗ ಮೊದಲು ಕೈಗೆ ಸಿಕ್ಕಿದ್ದು ಉಡುಪಲ್ಲ, ಒಂದು ಕಾರ್ಡು. ದಪ್ಪ ಕಾಗದ, ಅಂಚಿನಲ್ಲಿ ಬಳ್ಳಿಯ ಚಿತ್ರ. ಅದರ ಮೇಲೆ ಬೈಬಲಿನಲ್ಲಿ ಅಪೊಸ್ತಲ ಪೌಲ ತಿಮೊಥೆಯನಿಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯದ 9ನೇ ವಚನ. ಹೆಂಗಸರು ಮರ್ಯಾದೆಗೆ ತಕ್ಕ ಉಡುಪು ಹಾಕಿಕೊಳ್ಳಲಿ ಅನ್ನುವಷ್ಟು ಮಾತ್ರ ಇತ್ತು. ಆಮೇಲೆ ಮೂರು ಚುಕ್ಕಿ. ಆ ಚುಕ್ಕಿಗಳ ಜಾಗದಲ್ಲಿ ಏನಿರಬೇಕಿತ್ತು ಅಂತ ಸತ್ಯವೇದ ತೆರೆದು ನೋಡಿದವರಿಗೆ ಗೊತ್ತು. ಜಡೆಯ ಬೆಡಗು ಬೇಡ, ಚಿನ್ನ ಬೇಡ, ಮುತ್ತು ಬೇಡ, ದುಬಾರಿ ಬಟ್ಟೆ ಬೇಡ.

ಕಾರ್ಡಿನ ಕೆಳಗೆ ಉಡುಪು ಮಡಚಿಟ್ಟಿತ್ತು. ಬೆನ್ನುದ್ದಕ್ಕೂ 12 ಮುತ್ತಿನ ಗುಂಡಿ!

ಒಬ್ಬಳೇ ಕೂತು ನಕ್ಕುಬಿಟ್ಟೆ. ನಿಜವಾದ ಮುತ್ತೇನಲ್ಲ, ಪ್ಲಾಸ್ಟಿಕ್ಕಿಗೆ ಮುತ್ತಿನ ಹೊಳಪು ಕೊಟ್ಟಿದ್ದು. ಆದರೂ ಮುತ್ತು ಮುತ್ತೇ ಅಲ್ವಾ?

ಕ್ರೈಸ್ತ ಹೆಂಗಸರಿಗೆ ಮರ್ಯಾದೆಯ ಉಡುಪು ಹೊಲಿಯುತ್ತೇವೆ ಅನ್ನುವ ಆನ್‌ಲೈನ್ ಅಂಗಡಿ ಇದು. ಹೆಸರು ಬೇಡ ಬಿಡಿ. ತಿಂಗಳಿಗೊಮ್ಮೆ ಆರಾಧನೆಯಲ್ಲಿ ವಾಕ್ಯ ಓದುವ ಸರದಿ ನನ್ನದು. ಎಲ್ಲರ ಮುಂದೆ ನಿಲ್ಲುವಾಗ ಬಟ್ಟೆ ಎಳೆದುಕೊಳ್ಳುತ್ತಾ ಇರುವುದು ನನಗೆ ಆಗುವುದಿಲ್ಲ. ಅದಕ್ಕೇ ತರಿಸಿದೆ. ಮೂರು ತಿಂಗಳು ಹಾಕಿಕೊಂಡ ಮೇಲೆ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದು ಹೇಳುತ್ತೇನೆ. ಬಟ್ಟೆ ಚೆನ್ನಾಗಿದೆ, ದಪ್ಪ ಹತ್ತಿ, ನಾಲ್ಕೈದು ಸಲ ಒಗೆದರೂ ಬಣ್ಣ ಬಿಟ್ಟಿಲ್ಲ. ತೋಳು ಮೊಣಕೈ ದಾಟುತ್ತದೆ. ಹಾಡುವಾಗ ಕೈ ಎತ್ತಿದರೆ ಕಂಕುಳಲ್ಲಿ ಬಿಗಿಯುವುದಿಲ್ಲ. ಘೇರು ಎಷ್ಟಿದೆಯೆಂದರೆ ಪ್ರಾರ್ಥನೆಗೆ ಮೊಣಕಾಲೂರಿ ಆರಾಮಾಗಿ ಏಳಬಹುದು. ಎರಡು ಜೇಬಿವೆ, ಅದೂ ನಿಜವಾದ ಜೇಬು. ಕನ್ನಡಕ, ಕರ್ಚೀಪು, ಕಾಣಿಕೆ ಕವರು ಮೂರೂ ಹಿಡಿಸುತ್ತವೆ. ಈ ಜೇಬಿಗೇ ಒಂದು ನಕ್ಷತ್ರ.

ಉದ್ದದ ವಿಷಯಕ್ಕೆ ಬಂದರೆ, ಅಂಗಡಿಯವರು ಮೊಣಕಾಲಿನಿಂದ 6 ಇಂಚು ಕೆಳಗೆ ಬರುತ್ತದೆ ಎಂದು ಬರೆದಿದ್ದಾರೆ. ನಾನು ಉದ್ದ ಕಾಲಿನವಳು. ನನಗೆ 2 ಇಂಚು ಬಂತು. ಅಲ್ಲಿಗೆ ದೇವರು ಕೊಟ್ಟ ಕಾಲಿನಿಂದಾಗಿ ನನ್ನ ಮರ್ಯಾದೆ 4 ಇಂಚು ಕಡಿಮೆಯಾಯಿತು!

ಕುತ್ತಿಗೆಯದು ನಿಜವಾದ ತೊಂದರೆ. ಕನ್ನಡಿ ಮುಂದೆ ನೆಟ್ಟಗೆ ನಿಂತರೆ ಎಲ್ಲ ಸರಿ. ಬಿದ್ದ ಹಾಡಿನ ಪುಸ್ತಕ ಎತ್ತಲು ಬಾಗಿದರೆ ಮುಂಭಾಗ ಚೀಲದ ಬಾಯಿಯ ಹಾಗೆ ತೆರೆದುಕೊಳ್ಳುತ್ತದೆ. ಸಂಡೇಸ್ಕೂಲಿನಲ್ಲಿ ಪುಟ್ಟ ಮಕ್ಕಳ ಎತ್ತರಕ್ಕೆ ಬಾಗಿಯೇ ಮಾತಾಡಬೇಕು. ಇದನ್ನು ಹೊಲಿದವರು ಹೆಂಗಸು ಸುಮ್ನೆ ನಿಂತೇ ಇರುತ್ತಾಳೆ ಅಂದುಕೊಂಡರೋ ಏನೋ. ಒಳಗಿನ ಲೈನಿಂಗ್ ಕೂಡ ಸೊಂಟದವರೆಗೆ ಮಾತ್ರ ಇದೆ.

ಅಂಗಡಿಗೆ ಬರೆದೆ. ಎರಡೇ ದಿನದಲ್ಲಿ ಉತ್ತರ ಬಂತು, ತುಂಬಾ ವಿನಯವಾಗಿ. ಸಮಸ್ಯೆ ಅರ್ಥವಾಗಲು ಉಡುಪು ಹಾಕಿಕೊಂಡು ಬಾಗಿ ನಿಂತ ಒಂದು ಫೋಟೊ ಕಳಿಸಿ ಅಂತ. ಎರಡು ಸಲ ಓದಿದೆ. ಮಾನ ಮುಚ್ಚುವ ಬಟ್ಟೆ ಮಾರುವವರು ಕೇಳುವ ಮಾತಾ ಇದು! ಉಡುಪನ್ನು ಹ್ಯಾಂಗರಿಗೆ ಹಾಕಿ, ಕುತ್ತಿಗೆಗೆ ಸ್ಕೇಲು ಹಿಡಿದು ಫೋಟೊ ಕಳಿಸಿದೆ. ಬದಲಾಯಿಸಿ ಕೊಡುತ್ತೇವೆ, ಸಾಗಣೆ ಖರ್ಚು ನಿಮ್ಮದು ಅಂದರು. ಬೇಡ ಅಂದೆ. ಒಳಗೆ ಒಂದು ಹುಕ್ಕು ಹಾಕಿಕೊಂಡೆ, ಸರಿಹೋಯಿತು.

ಇನ್ನು ಆ ಗುಂಡಿಗಳು. ಬೆನ್ನಿಗೆ ಇರುವುದರಿಂದ ಒಬ್ಬರೇ ಹಾಕಿಕೊಳ್ಳಲು ಆಗುವುದಿಲ್ಲ. ಭಾನುವಾರ ಬೆಳಿಗ್ಗೆ ಮಗಳು ನಿದ್ದೆಗಣ್ಣಲ್ಲಿ ಗೊಣಗುತ್ತಾ ಹಾಕುತ್ತಿದ್ದಳು. ಪೌಲನ ಕಾಲದ ರೋಮ್ ಸಾಮ್ರಾಜ್ಯದಲ್ಲಿ ಸಿರಿವಂತ ಹೆಂಗಸರ ತಲೆ ಬಾಚಿ, ಹೆಣೆದು, ಸಿಂಗರಿಸುವುದಕ್ಕೇ ದಾಸಿಯರು ಇರುತ್ತಿದ್ದರು. ಪೌಲ ಜಡೆಯ ಮಾತು ಎತ್ತಿದ್ದು ಅಂಥ ಡೌಲನ್ನು ನೋಡಿ ಅಂತ ನನಗನಿಸುತ್ತದೆ. ನನ್ನ ಬೆನ್ನ ಹಿಂದೆ ಆಕಳಿಸುತ್ತಾ ನಿಂತ ಮಗಳನ್ನು ನೋಡಿದಾಗ ಆ ವಚನ ಮೊದಲ ಸಲ ಚುಚ್ಚಿತು. ಗುಂಡಿಗಳೂ ಚುಚ್ಚುತ್ತವೆ. ಚರ್ಚಿನ ಬೆಂಚಿಗೆ ಒರಗಿದರೆ ಪಾದ್ರಿಯ ಪ್ರಸಂಗ ಮುಗಿಯುವವರೆಗೂ ಬೆನ್ನುಮೂಳೆಗೆ ಒತ್ತುತ್ತಲೇ ಇರುತ್ತವೆ.

ಅಮೆರಿಕದಲ್ಲಿ ಹಳೆಯ ಕಾಲದ ಸರಳ ಬದುಕು ನಡೆಸುವ ಕ್ರೈಸ್ತ ಪಂಗಡ ಆಮಿಶ್; ಆ ಜನರ ಎಷ್ಟೋ ಗುಂಪುಗಳಲ್ಲಿ ಹೆಂಗಸರು ಉಡುಪಿಗೆ ಗುಂಡಿ ಹಾಕುವುದಿಲ್ಲ, ಪಿನ್ನು ಸಿಕ್ಕಿಸಿಕೊಳ್ಳುತ್ತಾರೆ. ಗಂಡಸರ ಕೋಟಿಗೂ ಹುಕ್ಕೇ. ಅಷ್ಟು ದೂರ ನಾನು ಹೋಗಲಾರೆ. ಆದರೆ ಗುಂಡಿಯಲ್ಲೂ ಜಂಬ ಇರಬಹುದು ಅಂತ ಅವರು ಯೋಚಿಸಿದ್ದನ್ನು ಈಗ ನಗದೆ ಒಪ್ಪುತ್ತೇನೆ.

ಇದೇ ಅಂಗಡಿಯಲ್ಲಿ ‘ಪ್ರೀಮಿಯಂ’ ಸಾಲೂ ಇದೆ. ಅದೇ ಕಟ್ಟಿಂಗ್, ಅದೇ ಉದ್ದ, ಅಂಚಿಗೆ ಬಂಗಾರದ ಬಣ್ಣದ ದಾರ, ಬೆಲೆ ನಾಲ್ಕು ಪಟ್ಟು. ಬಹುಶಃ ಕಾರ್ಡೂ ಅದೇ ಇರುತ್ತದೆ. ಮೆಥಡಿಸ್ಟ್ ಅನ್ನುವ ಕ್ರೈಸ್ತ ಪಂಗಡಕ್ಕೆ ನಾಂದಿ ಹಾಡಿದ ಜಾನ್ ವೆಸ್ಲಿ 18ನೇ ಶತಮಾನದಲ್ಲೇ ಇದರ ಬಗ್ಗೆ ಪ್ರಸಂಗ ಮಾಡಿದ್ದರು. ಬೇಡದ ಬಟ್ಟೆಗೆ ಸುರಿದ ದುಡ್ಡು ದೇವರಿಂದಲೂ ಬಡವರಿಂದಲೂ ಕದ್ದ ಹಾಗೆ ಅನ್ನುವುದು ಅವರ ವಾದ. ಅಳತೆಪಟ್ಟಿ ಹಿಡಿದು ನಮ್ಮ ಹಿಂದೆ ಓಡಾಡುವವರು ಈ ಮಾತನ್ನು ಮಾತ್ರ ಎತ್ತುವುದಿಲ್ಲ. ಮೊಣಕಾಲು ಕಂಡರೆ ಪಾಪ, ಬಿಲ್ಲು ಕಂಡರೆ ಇಲ್ಲ.

ಗಂಡಸರಿಗೆ ಏನಿದೆ ಅಂತಲೂ ನೋಡಿದೆ. ಒಂದೇ ಒಂದು ಟೀ ಶರ್ಟು, ಎದೆಯ ಮೇಲೆ ದೊಡ್ಡ ಅಕ್ಷರದಲ್ಲಿ ವಚನ. ಯಾಕೋಬನ ಪತ್ರದ 2ನೇ ಅಧ್ಯಾಯದಲ್ಲಿ ಚಿನ್ನದ ಉಂಗುರ, ಝಗಮಗ ಬಟ್ಟೆ ಹಾಕಿಕೊಂಡು ಸಭೆಗೆ ಬಂದು ಒಳ್ಳೆ ಜಾಗ ಗಿಟ್ಟಿಸುವವನು ಗಂಡಸು. ಅವನಿಗೆ ಸೈಜ್ ಚಾರ್ಟ್ ಯಾರೂ ಮಾಡಿಲ್ಲ.

ಉಡುಪಿನ ಜೊತೆ ಲೇಸಿನ ಮುಸುಕೊಂದು ಉಚಿತ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ ಓದಿ ತಲೆ ಮುಚ್ಚುವವರಿದ್ದಾರೆ, ಓದಿಯೂ ಮುಚ್ಚದವರಿದ್ದಾರೆ. ಕಥೋಲಿಕರ 1917ರ ಕಾನೂನು ಸಂಹಿತೆಯಲ್ಲಿ ಹೆಂಗಸರು ಚರ್ಚಿನಲ್ಲಿ ತಲೆ ಮುಚ್ಚಬೇಕು ಅಂತಿತ್ತು, 1983ರದ್ದರಲ್ಲಿ ಆ ನಿಯಮ ಇಲ್ಲ. ನನಗೆ ಮುಸುಕಿನ ಬಗ್ಗೆ ಜಗಳ ಇಲ್ಲ. ಆದರೆ ಈ ನೈಲಾನ್ ಲೇಸು ಎರಡು ಪಿನ್ನು ಹಾಕಿದರೂ ಜಾರುತ್ತದೆ. ವಾಕ್ಯ ಓದುವಾಗ ಒಂದು ಕೈ ಪುಸ್ತಕದ ಮೇಲೆ, ಒಂದು ಕೈ ತಲೆಯ ಮೇಲೆ. ಎರಡನೇ ವಾರದಿಂದ ಡ್ರಾಯರಿನಲ್ಲಿದೆ.

ಒಟ್ಟು 5ಕ್ಕೆ 3 ನಕ್ಷತ್ರ. ಕೊಳ್ಳುವುದಾದರೆ ಸಾದಾ ಸಾಲಿನದ್ದೇ ಕೊಳ್ಳಿ. ಎತ್ತರದವರು ಒಂದು ಸೈಜ್ ದೊಡ್ಡದು ತರಿಸಿ. ಬಂದ ದಿನವೇ ಹಾಕಿಕೊಂಡು ಬಾಗಿ, ಕೂತು, ಮೊಣಕಾಲೂರಿ ನೋಡಿ. ಫೋಟೊ ಮಾತ್ರ ಕಳಿಸಬೇಡಿ.

ಕಳೆದ ತಿಂಗಳು ಗುಂಡಿಗಳನ್ನು ಕತ್ತರಿಸಿ ತೆಗೆದು ಜಿಪ್ ಹಾಕಿಸಿದೆ. ಮಗಳು ಈಗ ಹತ್ತು ನಿಮಿಷ ಜಾಸ್ತಿ ಮಲಗುತ್ತಾಳೆ. ಮುತ್ತಿಗಾಗಿ ಇದ್ದದ್ದನ್ನೆಲ್ಲ ಮಾರಿದ ವ್ಯಾಪಾರಿಯ ಕಥೆಯನ್ನು ಸಂಡೇಸ್ಕೂಲಿನಲ್ಲಿ ಹೇಳುವಾಗ ಮಕ್ಕಳಿಗೆ ತೋರಿಸೋಣ ಅಂತ ಗುಂಡಿಗಳನ್ನು ಒಂದು ಡಬ್ಬಿಯಲ್ಲಿಟ್ಟಿದ್ದೇನೆ. ಎಣಿಸಿದರೆ 11 ಇವೆ. ಒಂದು ಎಲ್ಲೋ ಬೆಂಚಿನ ಕೆಳಗೆ ಉರುಳಿಹೋಗಿರಬೇಕು.